ಕೊಬ್ರಿಗೆ ಹಾಕಿದ ಕುಡಿಸೊಪ್ಪು

"ಮಲಗೈತೆ," ಎಂದ ಲೋಕೇಶ.

"ನೆನ್ನೆನೂ ಮಲಗಿತ್ತು, ಮೊನ್ನೆನೂ ಮಲಗಿತ್ತು. ನನ್ ಕೊಬ್ರಿ ಏನು ನಿಮ್ ರೇಷ್ಮೆ ಹುಳನಾ, ಮೇವು ಬುಟ್ಟು ಪೊರೆ ಕಳಚೋ ಜ್ವರಕ್ಕೆ ಕೂರಾಕೆ? ಫೋನ್ ಒಸಿ ಕೆಳಗೆ ಹಿಡೀರಿ, ನೋಡ್ತೀನಿ."

ಫೋನಿನಲ್ಲಿ ಭಾನುಪ್ರಿಯಳ ಮುಖ ಇನ್ನೂ ಹತ್ತಿರ ಬಂತು. ಆಗತಾನೆ ಮಿಂದ ಕೂದಲು, ಹಣೆಗೆ ಅಂಟಿದ ಒಂದು ಎಳೆ. ಬೇರೆ ದಿನವಾಗಿದ್ದರೆ ಲೋಕೇಶ ಆ ಎಳೆಯನ್ನೇ ನೋಡುತ್ತ ಮಾತು ಮರೆಯುತ್ತಿದ್ದ. ಇವತ್ತು ಅವನಿಗೆ ಅವಳ ಕಣ್ಣು ಎದುರಿಸಲು ಭಯ.

ಮದುವೆಯಾದ ಮರುತಿಂಗಳೇ ಆಷಾಢ ಬಂದಿತ್ತು. ಹೊಂಗನೂರಿನ ಗಂಡನ ಮನೆಯಿಂದ ಅವಳನ್ನು ಸೋಲೂರಿನ ತವರಿಗೆ ಕರೆದೊಯ್ದಿದ್ದರು. ಈ ಮಾಸದಲ್ಲಿ ಅತ್ತೆ ಸೊಸೆ ಒಂದೇ ಹೊಸಲು ದಾಟುವಂತಿಲ್ಲ. ಹೊಸ ಅಳಿಯ ಅತ್ತೆಮನೆಯ ಬಾಗಿಲಿಗೆ ಹೋಗುವಂತಿಲ್ಲ. ಹಿರಿಯರು ಯಾಕೆ ಹೀಗೆ ಕಟ್ಟು ಮಾಡಿದರೋ ದೇವರಿಗೇ ಗೊತ್ತು. ಬಿತ್ತಿದ ಹೊಲವನ್ನು ಕೆಲವು ದಿನ ತುಳಿಯದೆ ಬಿಡುತ್ತಾರಲ್ಲ, ಅಂಥದ್ದೇ ಏನೋ ಇರಬೇಕು.

ಹೊರಡುವಾಗ ಅವಳು ತನ್ನ ಗಿನಿಪಿಗ್ಗನ್ನು ಅವನ ಮಡಿಲಿಗಿಟ್ಟಿದ್ದಳು. ಮಾಗಡಿಯಲ್ಲಿ ರೂಮು ಮಾಡಿಕೊಂಡು ಓದುವಾಗ ಸಾಕಿದ್ದು ಅದು. ಮೈ ಕಂದು, ಹೊಟ್ಟೆ ಬಿಳಿ, ಥೇಟ್ ಒಡೆದ ಕೊಬ್ಬರಿಯ ಬಣ್ಣ; ಅದಕ್ಕೇ ಕೊಬ್ರಿ ಎಂಬ ಹೆಸರು. "ತವರಿಗೆ ಎತ್ಕೊಂಡು ಹೋಗ್ಬೋದಿತ್ತು. ಆದ್ರೂ ನಿಮ್ ತಾವ ಬುಟ್ಟು ಹೋಯ್ತಿದೀನಿ," ಎಂದಿದ್ದಳು. ಯಾಕೆಂದು ಅವನು ಕೇಳಲಿಲ್ಲ. ಕೇಳುವಷ್ಟು ಸಲಿಗೆ ಇನ್ನೂ ಬೆಳೆದಿರಲಿಲ್ಲ.

"ಅಲ್ಲ ಭಾನು, ಈಗ್ತಾನೆ ಕಣ್ಮುಚ್ಚೈತೆ, ಎಬ್ಬಿಸ್ಬಾರ್ದು..."

ಒಳಗಿನಿಂದ ಅವನ ತಾಯಿ ಚಿಕ್ಕಲಕ್ಷ್ಮಮ್ಮನ ದನಿ ತೂರಿಬಂತು. "ಅಯ್ಯೋ, ಆ ಇಲಿ ಉಚ್ಚೆ ಹುಯ್ಯಾಕಾಗ್ದೆ ಒದ್ದಾಡ್ತೈತೆ ಕಣ್ಲಾ! ಆ ಹೆಣ್ಣಿಗೆ ಹೇಳ್ಬುಡಾರ್ದಾ? ನನ್ ಕೈಲಿ ನೋಡಾಕಾಯ್ತಿಲ್ಲ!"

ಸೊಸೆ ಇಲಿ ತಂದಿದ್ದಾಳೆ, ಹುಳ ಸಾಕುವ ಮನೆಗೆ ಇಲಿಯೇ ಶನಿ ಎಂದು ಮೊದಲ ದಿನ ಮೂಗು ಮುರಿದವಳು ಇದೇ ಚಿಕ್ಕಲಕ್ಷ್ಮಮ್ಮ.

ಭಾನುಪ್ರಿಯ ಹಣೆಯ ಎಳೆಯನ್ನು ಕಿವಿಯ ಹಿಂದೆ ಸರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ರಕ್ತ ಬತ್ತೈತಾ?"

"ಹಾಸಿದ್ ಬಟ್ಟೆ ಮೇಲೆ ಒಸಿ ಕೆಂಪು. ಬೆನ್ನು ಗೂನು ಮಾಡ್ಕೊಂಡು ಕಿರುಚ್ತೈತೆ. ವಾಸಿಯಾದ್ಮೇಲೆ ಹೇಳಾನ ಅಂತ..."

"ಈಗ್ಲೇ ಹೊರಡಿ. ರಾಮನಗರದಲ್ಲಿ ಡಾಕ್ಟರ್ ಅನೀಸಾ ಅಂತ ಅವ್ರೆ, ಸಣ್ಣ ಪ್ರಾಣಿ ನೋಡ್ತಾರೆ. ವಿಳಾಸ ಕಳಿಸ್ತೀನಿ. ನಾನೂ ಬತ್ತೀನಿ."

"ಆಷಾಢ..."

"ಆಸ್ಪತ್ರೆ ಹೊಸಲು ಯಾರ ಅತ್ತೆಮನೇದೂ ಅಲ್ಲ," ಎಂದು ಫೋನಿಟ್ಟಳು.

ರೇಷ್ಮೆಗೂಡು ತುಂಬುವ ಬುಟ್ಟಿಯಲ್ಲಿ ತಾಯಿಯ ಹಳೇ ಸೀರೆ ಹಾಸಿ, ಕೊಬ್ರಿಯನ್ನು ಮಲಗಿಸಿ, ಲೋಕೇಶ ಚನ್ನಪಟ್ಟಣದ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಊರಿನ ಗಂಗಹನುಮಯ್ಯ ಬುಟ್ಟಿ ನೋಡಿ ನಕ್ಕ.

"ಏನ್ಲಾ, ಇಷ್ಟು ಗೂಡ್ಗೆ ರಾಮನಗರದ ಮಾರ್ಕೆಟ್ಟಿಗೆ ಹೊಂಟೀಯಾ?"

ಬುಟ್ಟಿ "ಕುಂಯ್" ಎಂದಿತು.

"ಅಯ್ಯಯ್ಯೋ, ಗೂಡು ಕೂಗ್ತೈತೆ!"

"ಹೆಂಡ್ತಿ ಗಿನಿಪಿಗ್ಗು ಮಾವ. ಹುಷಾರಿಲ್ಲ."

ಗಂಗಹನುಮಯ್ಯನ ನಗು ನಿಂತಿತು. ಸೀರೆಯ ಅಂಚು ಸರಿಸಿ ನೋಡಿದ. ಪುಟ್ಟ ಕಣ್ಣು ಅರ್ಧ ಮುಚ್ಚಿತ್ತು. "ಕಿಟಕಿ ಕಡೆ ನೀನ್ ಕೂತ್ಕೊ. ಗಾಳಿಯಾಡ್ಲಿ," ಎಂದು ಎದ್ದು ಜಾಗ ಬಿಟ್ಟುಕೊಟ್ಟ.

ಚನ್ನಪಟ್ಟಣದಲ್ಲಿ ಇಳಿದು ರಾಮನಗರದ ಬಸ್ಸು ಹಿಡಿದ. ಕೆಂಗಲ್ ಹನುಮಂತರಾಯನ ಗುಡಿ ಬಂದಾಗ ಬಸ್ಸಿನವರೆಲ್ಲ ಕೈಮುಗಿದರು. ಲೋಕೇಶನ ಎರಡು ಕೈಯೂ ಬುಟ್ಟಿಯ ಮೇಲಿದ್ದವು. ಇಷ್ಟು ಸಣ್ಣ ಜೀವಕ್ಕಾಗಿ ಸ್ವಾಮಿಯನ್ನು ಬೇಡಬಹುದೇ ಎಂದು ಒಂದು ಗಳಿಗೆ ಅಳುಕಿದ. ಜೀವ ಕೊಟ್ಟವನು ಗಾತ್ರ ನೋಡಿ ಕೊಟ್ಟಿಲ್ಲವಲ್ಲ ಎನ್ನಿಸಿ, ಕಣ್ಣು ಮುಚ್ಚಿಯೇ ಬೇಡಿಕೊಂಡ.

ಅವನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಬಹಳ ಹೊತ್ತಾಗಿರಲಿಲ್ಲ, ಭಾನುಪ್ರಿಯ ಬಂದಳು. ಹಸಿರು ಬಳೆ, ಸುಕ್ಕಾದ ಚೂಡಿದಾರ, ಆತುರದಲ್ಲಿ ಒಂದೇ ಕಿವಿಗೆ ಹಾಕಿದ್ದ ಓಲೆ. ಅವನ ಮುಖ ನೋಡದೆ ನೇರ ಬುಟ್ಟಿಯ ಮುಂದೆ ಮಂಡಿಯೂರಿದಳು. ಅವಳ ಬೆರಳಿನ ವಾಸನೆ ಹಿಡಿದ ಕೊಬ್ರಿ ಮೂತಿಯನ್ನು ಅಂಗೈಗೆ ಒತ್ತಿತು. ಲೋಕೇಶ ಬುಟ್ಟಿಯನ್ನು ಅವಳ ಹತ್ತಿರಕ್ಕೆ ಸರಿಸಿದ.

ಡಾಕ್ಟರ್ ಅನೀಸಾ ಹೊಟ್ಟೆ ಮುಟ್ಟಿ ನೋಡಿದರು. "ಏನು ತಿನ್ನಿಸ್ತಿದ್ರಿ?"

"ರೇಷ್ಮೆ ಸೊಪ್ಪು ಮೇಡಂ. ಹಿಪ್ಪುನೇರಳೆ. ಅದೂ ಬಲ್ತಿದ್ದಲ್ಲ, ಮರಿಹುಳಕ್ಕೆ ಹಾಕೋ ಕುಡಿಸೊಪ್ಪು. ಎಲೆ ಎಲೆ ಒರೆಸಿ ಹಾಕ್ದೆ."

"ಒಣಹುಲ್ಲು?"

"ಅವ್ಳು ಬುಟ್ಟು ಹೋಗಿದ್ಲು. ಒಣಗಿದ್ದು ಹಾಕಾಕೆ ಮನಸ್ಸು ಬರ್ಲಿಲ್ಲ."

"ನೀರು?"

ಲೋಕೇಶ ತಲೆ ತಗ್ಗಿಸಿದ. "ಬಟ್ಲು ಉರುಳಿಸಿ ಒದ್ದೆ ಮಾಡ್ಕತಿತ್ತು. ಹುಳಕ್ಕೆ ಒದ್ದೆಯಾದ್ರೆ ರೋಗ ಬತ್ತದೆ. ಇದಕ್ಕೂ ಹಂಗೇ ಅಂತ ಒಸಿ ಒಸಿನೇ ಇಟ್ಟೆ."

ಡಾಕ್ಟರು ಬೈಯಲಿಲ್ಲ. "ಹಿಪ್ಪುನೇರಳೇಲಿ ಕ್ಯಾಲ್ಸಿಯಂ ಜಾಸ್ತಿ. ಅಪರೂಪಕ್ಕೆ ಒಂದೆಲೆ ಪರ್ವಾಗಿಲ್ಲ, ಅದೇ ಊಟ ಆಗ್ಬಾರ್ದು. ಇವುಗಳ ಮೈಯಿಂದ ಕ್ಯಾಲ್ಸಿಯಂ ಮೂತ್ರದಲ್ಲೇ ಹೋಗೋದು. ನೀರು ಕಮ್ಮಿಯಾದ್ರೆ ಮರಳಾಗುತ್ತೆ, ಕಲ್ಲಾಗುತ್ತೆ. ಕೆಲವಕ್ಕೆ ಮೈಗುಣದಿಂದಲೂ ಬರುತ್ತೆ. ಎಕ್ಸ್‌ರೇ ನೋಡೋಣ."

ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಂಥ ಬಿಳಿ ಚುಕ್ಕೆ ಕಂಡಿತು. "ಕಲ್ಲು ಮೂತ್ರದ ದಾರಿಯ ತುದಿಗೆ ಬಂದು ಸಿಕ್ಕಿಕೊಂಡಿದೆ. ಹೆಣ್ಣಲ್ವಾ, ದಾರಿ ಒಂಚೂರು ಅಗಲ; ಮತ್ತಿನ ಔಷಧಿ ಕೊಟ್ಟು ಮೆಲ್ಲಗೆ ತೆಗೆಯೋಕೆ ನೋಡ್ತೀನಿ. ಬರಲಿಲ್ಲ ಅಂದ್ರೆ ಆಪರೇಷನ್. ಈ ಗಾತ್ರದ ಜೀವಕ್ಕೆ ಅದು ಕಷ್ಟ. ಹೊರಗೆ ಕೂತಿರಿ."

ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು. ನಡುವೆ ಖಾಲಿ ಬುಟ್ಟಿ.

"ಒಣಹುಲ್ಲೇ ಅದ್ರ ಊಟ ಅಂತ ಹೇಳಿ ಹೋಗಿದ್ನಲ್ಲ," ಎಂದಳು ಭಾನುಪ್ರಿಯ.

"ನೀನ್ ಹೇಳಿದ್ದೆ. ನಮ್ಮನೇಲಿ ನಾವು ಉಣ್ಣೋಕ್ಮುಂಚೆ ಹುಳಕ್ಕೆ ಸೊಪ್ಪು ಹಾಕ್ತೀವಿ. ಚೆಂದಾಗಿರೋದು ಮೊದ್ಲು ಅದಕ್ಕೆ. ನಿನ್ ಕೊಬ್ರಿ ಬಂದಾಗ ನಂಗೆ ಬೇರೆ ಏನ್ ಕೊಡಾಕೂ ತಿಳೀಲಿಲ್ಲ. ತ್ವಾಟದಲ್ಲಿ ಎಳೇದು ಎಲ್ ಐತೆ ಅಂತ ಹುಡುಕಿ ಹುಡುಕಿ ಕುಯ್ದೆ. ಅದು ತಿನ್ನೋದ್ ನೋಡ್ತಾ ನೀನೇ ಎದ್ರುಗೆ ಕೂತಿದ್ದೀಯ ಅನ್ನಂಗಾಗೋದು."

ಅವಳ ಬಳೆ ಸದ್ದಾಯಿತು. ಅವನು ಕತ್ತೆತ್ತಲಿಲ್ಲ.

"ನಂಗೆ ಸೊಪ್ಪಿನ ಮೇಲೆ ಸಿಟ್ಟಿಲ್ಲ ರೀ," ಎಂದಳು. "ಅದು ಅಲ್ಲಿ ಅಳ್ತಿತ್ತು. ನೀವು ಮಲಗೈತೆ ಅಂದ್ರಿ. ನಾಳೆ ನನಗೇನಾದ್ರೂ ಆದ್ರೆ ನಮ್ಮವ್ವಂಗೂ ಹಿಂಗೇ ಮಲಗವ್ಳೆ ಅಂತೀರಾ?"

"ಭಾನು!"

"ಹೇಳಿ. ಯಾಕೆ ಮುಚ್ಚಿಟ್ರಿ?"

ಲೋಕೇಶ ಬುಟ್ಟಿಯ ಬಿದಿರನ್ನು ಉಗುರಿನಿಂದ ಕೆರೆದ. "ಒಂದೇ ಒಂದು ಜೀವ ನಂಬಿ ಕೊಟ್ಟು ಹೋದೆ. ಅದನ್ನೂ ಕಾಯಾಕಾಗ್ದೋನು ಅಂತ ಗೊತ್ತಾದ್ರೆ... ಶ್ರಾವಣ ಬಂದ್ರೂ ನೀನು ಬರಾಕಿಲ್ವೇನೋ ಅಂತ ದಿಗಿಲಾಯ್ತು. ಮನೇಲಿ ನಿನ್ ದನಿ ಇಲ್ದೆ ಈಗ್ಲೇ ಇರಾಕಾಯ್ತಿಲ್ಲ."

ಭಾನುಪ್ರಿಯ ಅವನನ್ನು ಆಗ ನೋಡಿದಳು. ನಿದ್ದೆಗೆಟ್ಟ ಕಣ್ಣು, ಬಾಚದ ಕ್ರಾಪು, ತಿರುಗಾ ಮುರುಗಾ ಹಾಕಿಕೊಂಡ ಅಂಗಿಯ ಗುಂಡಿ. ಮದುವೆಯ ಫೋಟೋಗಳಲ್ಲೆಲ್ಲ ಬಿಗಿದುಕೊಂಡು ನಿಂತಿದ್ದ ಗಂಡು ಇವನೇನಾ? ಅವಳಿಗೆ ಅಳು ಬರುವ ಹೊತ್ತಿಗೆ ನಗುವೂ ಬಂತು. ಖಾಲಿ ಬುಟ್ಟಿಯನ್ನು ಎತ್ತಿ ನೆಲಕ್ಕಿಟ್ಟು, ಅವನ ಪಕ್ಕಕ್ಕೆ ಸರಿದು ಕೂತಳು.

"ಗುಂಡಿ ತಪ್ಪಾಗಿ ಹಾಕಿದೀರ," ಎಂದು ಅವನ ಅಂಗಿಯ ಮೇಲುಗುಂಡಿ ಬಿಚ್ಚಿ ಸರಿಮಾಡಿದಳು. ಅವಳ ಬೆರಳಿಗೆ ಅವನ ಎದೆಬಡಿತ ತಾಗಿತು. ಇಬ್ಬರೂ ಬಾಗಿಲ ಕಡೆ ನೋಡಿದರು.

ಬಾಗಿಲು ತೆರೆಯಿತು. ಡಾಕ್ಟರ ಕೈಯಲ್ಲಿ ಹತ್ತಿಯ ಮೇಲೆ ಒಂದು ಪುಟ್ಟ ಬಿಳಿ ಕಲ್ಲು.

"ಬಂತು. ಮೂತ್ರನೂ ಮಾಡ್ತು. ಎಚ್ಚರ ಆದ್ಮೇಲೆ ಕರ್ಕೊಂಡು ಹೋಗಿ."

ಲೋಕೇಶ ಎದ್ದು ಕೈಮುಗಿಯಲು ಹೋಗಿ, ಹಾಗೇ ಕೂತುಬಿಟ್ಟ.

ನೋವಿನ ಔಷಧಿ ಕೊಟ್ಟು ಡಾಕ್ಟರು ತಿಳಿಹೇಳಿದರು. ಒಣಹುಲ್ಲು ಸದಾ ಮುಂದಿರಬೇಕು. ದಿನಾ ಒಂದು ಚೂರು ದಪ್ಪ ಮೆಣಸಿನಕಾಯಿ. ನೀರು ತೊಟ್ಟಿಕ್ಕುವ ಬಾಟಲಿ ಕಟ್ಟಿ, ಆಗ ನೆಲ ಒದ್ದೆಯಾಗದು. "ಮುಂದಿನ ವಾರ ಮತ್ತೆ ತೋರ್ಸಿ."

"ಇಬ್ರೂ ಬರ್ಬೇಕಾ ಡಾಕ್ಟ್ರೇ?" ಲೋಕೇಶ ಮೆಲ್ಲಗೆ ಕೇಳಿದ.

ಅನೀಸಾ ಭಾನುಪ್ರಿಯಳ ಕೊರಳಿನ ಹೊಸ ತಾಳಿ ನೋಡಿದರು. "ಆಷಾಢನಾ? ಹಂಗಾದ್ರೆ ಇಬ್ರೂ ಬರ್ಲೇಬೇಕು."

ಬಸ್ ಸ್ಟ್ಯಾಂಡಿನಲ್ಲಿ ಭಾನುಪ್ರಿಯ ಹತ್ತಬೇಕಿದ್ದ ಮಾಗಡಿ ಬಸ್ಸು ಹೊರಡಲು ನಿಂತಿತ್ತು. ಲೋಕೇಶ ಬುಟ್ಟಿಯನ್ನು ಅವಳತ್ತ ಚಾಚಿದ.

"ನಿನ್ ತಾವೇ ಇರ್ಲಿ. ನಂಗೆ ನೋಡ್ಕಳಾಕೆ ಬರಾಕಿಲ್ಲ."

ಭಾನುಪ್ರಿಯ ಬುಟ್ಟಿ ಹಿಡಿದಳು, ಕೊಬ್ರಿಯ ನೆತ್ತಿ ಸವರಿದಳು. ಆಮೇಲೆ ಬುಟ್ಟಿಯನ್ನು ಅವನ ಎದೆಗೇ ಒತ್ತಿದಳು.

"ಇನ್ಮೇಲೆ ಬತ್ತದೆ. ಹೊಂಗನೂರಿಗೇ ಕರ್ಕೊಂಡೋಗಿ. ನಾನೂ ಅಲ್ಲಿಗೇ ಬರೋಳಲ್ವಾ? ಆದ್ರೆ ಅಳ್ತಿದ್ರೆ ಅಳ್ತೈತೆ ಅನ್ಬೇಕು. ಉಣ್ದೆ ಇದ್ರೆ ಉಣ್ಣಲ್ಲ ಅನ್ಬೇಕು."

"ನನ್ ವಿಷ್ಯನೂ ಹೇಳ್ಬೋದಾ?"

"ಹೂಂ."

"ನೀನು ಹೋದಾಗಿಂದ ನಾನೂ ನೆಟ್ಟಗೆ ಉಂಡಿಲ್ಲ."

ಕಂಡಕ್ಟರ್ ಸೀಟಿ ಊದಿದ. ಅವಳು ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕೆನ್ನೆ ಕೆಂಪಾಗಿತ್ತು.

"ನಾನೂ ಉಂಡಿಲ್ಲ ರೀ!" ಎಂದು ಕೂಗಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ನಾಚಿ ಸೆರಗಿಲ್ಲದ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತ್ರ ಅವನನ್ನು ನೋಡುತ್ತಲೇ ಇದ್ದಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಲೋಕೇಶ ಅಲ್ಲೇ ನಿಂತಿದ್ದ. ಡಾಕ್ಟರು ಬುಟ್ಟಿಗೆ ಕಟ್ಟಿಕೊಟ್ಟಿದ್ದ ಬಾಟಲಿಯಿಂದ ಕೊಬ್ರಿ ಟಿಕ್ ಟಿಕ್ಕೆಂದು ನೀರು ಕುಡಿಯುತ್ತಿತ್ತು.