ಹಿಡಿ ಅಕ್ಕಿಯ ಡ್ರಮ್

"ಸುಜ್ಞಾನಮ್ಮಾ, ಬೇಗ ಬನ್ನಿ! ಅಕ್ಕಿ ಇಲ್ಲ!"

ಪಾಸ್ಟರ್ ಹೆಂಡತಿ ಕೀರ್ತಿಯ ಕೂಗು ಕೇಳಿ ಸುಜ್ಞಾನಮ್ಮ ಓಡಿದರು. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಆಕೆ. ಡ್ರಮ್ಮಿಗೆ ಬಗ್ಗಿ ನೋಡಿದರು. ತಳದಲ್ಲಿ ಒಂದು ಹಿಡಿ ಅಕ್ಕಿ ಬಿಟ್ಟರೆ ಏನೂ ಇಲ್ಲ.

ಸಿದ್ಧಾರ್ಥನಗರದ ಆ ಪುಟ್ಟ ಚರ್ಚಿನಲ್ಲಿ ಹಳೆಯ ಪದ್ಧತಿಯೊಂದಿದೆ. ಅನ್ನಕ್ಕಿಡುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಭಾನುವಾರ ಈ ಡ್ರಮ್ಮಿಗೆ ಸುರಿಯುತ್ತಾರೆ. ತಿಂಗಳಿಗೊಮ್ಮೆ ಅದು ಇಲ್ಲದವರ ಮನೆಗೆ ಹೋಗುತ್ತದೆ. ಈ ಸಲ ಭಾನುವಾರದ ಬದಲು ಶನಿವಾರ ಬೆಳಿಗ್ಗೆಯೇ ಚೀಲ ಕಟ್ಟಲು ಬಂದರೆ ಡ್ರಮ್ ಖಾಲಿ! ಡ್ರಮ್ ಇಟ್ಟಿದ್ದ ಕೋಣೆಯ ಬೀಗ ಮಾತ್ರ ಭದ್ರವಾಗಿತ್ತು.

ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಸಭೆಯ ಹಿರಿಯರಾದ ಸತ್ಯದಾಸ್ ಫೋನಿನಲ್ಲಿ, "ನಾನು ಆ ಕಡೆ ಬಂದೇ ಇಲ್ಲ" ಎಂದುಬಿಟ್ಟರು. ಉಳಿದವನು ಕಾವಲುಗಾರ ಮಹದೇವು. ಬಡವನ ಮೇಲೆ ಗೂಬೆ ಕೂರಿಸಲು ಎಷ್ಟು ಹೊತ್ತು? ಕಾಂಪೌಂಡಿನಲ್ಲೇ ಇದ್ದ ಅವನ ಕೋಣೆಯಲ್ಲಿ ಅರ್ಧ ಚೀಲ ಅಕ್ಕಿಯೂ ಸಿಕ್ಕಿತು.

"ರೇಷನ್ ಅಕ್ಕಿ ಕಣಮ್ಮ ಅದು," ಮಹದೇವು ಗಳಗಳ ಅತ್ತ. "ದೇವ್ರ ಅಕ್ಕಿ ನಾನ್ಯಾಕೆ ಮುಟ್ಲಿ?"

"ಸಂಜೆ ಕಮಿಟಿ ಸೇರುತ್ತೆ. ಗಂಟುಮೂಟೆ ಕಟ್ಕೊ," ಎಂದರು ಕಾರ್ಯದರ್ಶಿ ವಿಜಯ್‌ಕುಮಾರ್.

ಸುಜ್ಞಾನಮ್ಮ ಮಾತ್ರ ಒಪ್ಪಲಿಲ್ಲ. ಡ್ರಮ್ಮಿನ ತಳದ ಅಕ್ಕಿಯನ್ನೂ ಮಹದೇವುವಿನ ಚೀಲದಿಂದ ಒಂದು ಹಿಡಿಯನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡರು.

* * *

ಅಂದೇ ಮಧ್ಯಾಹ್ನ ಶ್ರೀರಾಂಪುರದಲ್ಲಿ ಸತ್ಯದಾಸ್ ಅವರ ಹೊಸ ಮನೆಯ ಪ್ರಾರ್ಥನೆ, ಊಟ. ಕೋಳಿ ಸಾರು ಘಮಘಮ ಎನ್ನುತ್ತಿತ್ತು. ಸುಜ್ಞಾನಮ್ಮ ಒಂದು ತುತ್ತು ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು. ಕೆಲವು ಅಗುಳು ಮುದ್ದೆಯಾಗಿವೆ, ಕೆಲವು ಬೆಂದೇ ಇಲ್ಲ. ನಡುವೆ ಒಂದೆರಡು ಕೆಂಪು.

"ಅನ್ನ ಯಾಕೆ ಹಿಂಗಾಯ್ತು ಸತ್ಯಣ್ಣ?"

"ಅಂಗಡಿಯವ್ನು ಕಳಪೆ ಅಕ್ಕಿ ಕೊಟ್ಬುಟ್ಟ ಕಣಮ್ಮ."

"ಯಾವ ಅಂಗಡಿ?"

ಸತ್ಯದಾಸ್ ಕೇಳಿಸದವರಂತೆ ಪಾಯಸ ಬಡಿಸಲು ಹೋದರು. ಸುಜ್ಞಾನಮ್ಮ ಹಿತ್ತಲಿಗೆ ನಡೆದರು. ಅಡುಗೆಯ ಜಾಗದಲ್ಲಿ ಚೆಲ್ಲಿದ್ದ ಅಕ್ಕಿಯನ್ನು ಬಳಿದು ಸೆರಗಿಗೆ ಕಟ್ಟಿಕೊಂಡರು.

* * *

ಸಂಜೆ ಕಮಿಟಿಯ ಮೇಜಿನ ಮೇಲೆ ಮೂರು ಗುಡ್ಡೆ ಅಕ್ಕಿ.

"ಇದು ಮಹದೇವೂದು. ಎಲ್ಲ ಒಂದೇ ಥರ, ದಪ್ಪ ರೇಷನ್ ಅಕ್ಕಿ," ಎಂದರು ಸುಜ್ಞಾನಮ್ಮ. "ಇದು ಡ್ರಮ್ಮಿಂದು. ನಲವತ್ತು ಮನೆ ಅಕ್ಕಿ. ಸೋನಾ ಮಸೂರಿ, ಕುಸುಬಲಕ್ಕಿ, ರೇಷನ್ನು, ಶುಗರ್ ಇರೋರ ಮನೆ ಕೆಂಪಕ್ಕಿ. ಒಟ್ಟಿಗೆ ಬೇಯ್ಸಿದ್ರೆ ಒಂದು ಬೇಯುತ್ತೆ, ಇನ್ನೊಂದು ಬೇಯಲ್ಲ. ಇಂಥ ಬೆರಕೆ ಯಾವ ಅಂಗಡೀಲೂ ಮಾರಲ್ಲ. ಮೂರನೇದು ನೋಡಿ, ಅದೇ ಬೆರಕೆ. ಸತ್ಯಣ್ಣನ ಹಿತ್ತಲಲ್ಲಿ ಸಿಕ್ತು. ಬೀಗ ಒಡೆದಿಲ್ಲ, ಇನ್ನೊಂದು ಕೈ ಅವ್ರ ಹತ್ರಾನೇ ಇದೆ."

ಸತ್ಯದಾಸ್ ತಲೆ ತಗ್ಗಿಸಿದರು.

"ನಿನ್ನೆ ಅಡುಗೆಯವ್ರು ಅಕ್ಕಿ ಸಾಲಲ್ಲ ಅಂದ್ರು. ಅಂಗಡಿಗೆ ಹೋಗ್ಬೋದಿತ್ತು. ಇಪ್ಪತ್ತು ವರ್ಷದಿಂದ ನಾವೂ ಹಾಕಿದೀವಲ್ಲ, ನಮ್ದೇ ತಾನೇ ಅನ್ನಿಸ್ತು. ಭಾನುವಾರದೊಳಗೆ ತುಂಬಿಸ್ಬುಡೋಣ ಅಂತಿದ್ದೆ."

"ಕೊಟ್ಟ ಮೇಲೆ ನಮ್ದಲ್ಲ ಸತ್ಯಣ್ಣ. ಅದು ದೇವ್ರದ್ದು, ಹಸಿದೋರದ್ದು." ಸುಜ್ಞಾನಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ಅಕ್ಕಿ ನಾಳೆ ತುಂಬಿಸ್ತೀರಿ. ಫೋನಲ್ಲಿ ಬಂದೇ ಇಲ್ಲ ಅಂದು ಮಹದೇವೂನ ಕಳ್ಳನ್ನ ಮಾಡಿದ್ರಲ್ಲ, ಅವನ ಮರ್ಯಾದೆ ಎಲ್ಲಿಂದ ತರ್ತೀರಿ?"

ಸತ್ಯದಾಸ್ ಎದ್ದು ಕಾಂಪೌಂಡಿನ ಕೋಣೆಯತ್ತ ನಡೆದರು. ಹಿಂದೆಯೇ ಸುಜ್ಞಾನಮ್ಮ.

ಹೊರಗೆ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದ ಮಹದೇವು ಸತ್ಯದಾಸ್ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡ. ಕೈಮುಗಿದು ನಿಂತ ಹಿರಿಯರನ್ನು ಕಂಡು ಅವನಿಗೇ ಮುಜುಗರವಾಯಿತು.

"ಬುಡಿ ಸಾ, ದೊಡ್ಡೋರು ನೀವು. ಒಂದೇ ಒಂದು ಕೇಳ್ಕೊತೀನಿ. ನನ್ ಮಗಳು ಅನು ಮುಂದೇನೂ ಈ ಮಾತು ಹೇಳ್ಬುಡಿ. ಬೆಳಿಗ್ಗೆ ಅವ್ಳೂ ಕೇಳ್ಬುಟ್ಲು, 'ನಿಜ ಹೇಳಪ್ಪ, ನೀನೇ ತಗಂಡ್ಯಾ' ಅಂತ."

ಸತ್ಯದಾಸ್ ಚಪ್ಪಲಿ ಬಿಟ್ಟು ಒಳಗೆ ಹೋದರು. ಗೋಡೆಗೆ ಮುಖ ಮಾಡಿ ಕೂತಿದ್ದ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು.

"ನಿಮ್ಮಪ್ಪ ಅಲ್ಲ ಕಣವ್ವ," ಎಂದರು. "ಕದ್ದೋನು ನಾನು."