ಕ್ರಾಸ್ ಹಾಕಿದ ಚೌಕ

"ಅಯ್ಯೋ! ಮಕ್ಕಳ ಹಾಳೆಗಳು ಕಸದ ಬುಟ್ಟೀಲಿ ಯಾಕಿವೆ?"

ಶಾಲೆಯ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲೇ ನಿಂತು ಡಿಸೈನ್ ಕಲಿಸುವ ಮಿಸ್ ಕೂಗಿದಳು. ಅಂದೇ ಕೆಲಸಕ್ಕೆ ಸೇರಿದ್ದ ಕೋಡಿಂಗ್ ಸರ್ ಗಾಬರಿಬಿದ್ದು ಎದ್ದು ನಿಂತ.

"ಎಲ್ಲಾ ಚೌಕಕ್ಕೂ ಕ್ರಾಸ್ ಹಾಕಿತ್ತಲ್ಲ ಮೇಡಂ... ತಪ್ಪು ಅಂತ ಹೊಡೆದುಹಾಕಿದ್ದೀರಿ ಅಂದ್ಕೊಂಡೆ. ಹರಿದು ಎಸೆದುಬಿಟ್ಟೆ."

ಮಕ್ಕಳು ಅವಳನ್ನು ಕರೆಯುತ್ತಿದ್ದುದೇ 'ಪೆನ್ಸಿಲ್ ಮಿಸ್' ಎಂದು. ವೆಬ್ ಪುಟ ಮಾಡುವ ಮುನ್ನ, ಪರದೆಯ ಮೇಲೆ ಯಾವುದು ಎಲ್ಲಿರಬೇಕೆಂದು ಕಾಗದದಲ್ಲಿ ಬಿಡಿಸಿ ತೋರಿಸುವವರೆಗೆ ಅವಳು ಯಾರಿಗೂ ಕೀಬೋರ್ಡ್ ಮುಟ್ಟಲು ಬಿಡುತ್ತಿರಲಿಲ್ಲ.

"ಕ್ರಾಸ್ ಅಂದ್ರೆ ತಪ್ಪಲ್ಲ ಸರ್! ಅಲ್ಲಿ ಚಿತ್ರ ಬರುತ್ತೆ, ಜಾಗ ಕಾದಿರಿಸಿದೆ ಅಂತ! ಮಕ್ಕಳ ಮೂರು ವಾರದ ಕೆಲಸ... ನೀವು ಇಲ್ಲಿಗೆ ಬರದೇ ಇದ್ದಿದ್ರೇ ಚೆನ್ನಾಗಿತ್ತು!"

ಅವನ ಮುಖ ಸಣ್ಣಗಾಯಿತು.

ಮರುದಿನದಿಂದ ಅವನು ಮಕ್ಕಳ ಜೊತೆ ನೆಲದ ಮೇಲೆ ಕೂತು ಅಷ್ಟೂ ಹಾಳೆಗಳನ್ನು ಮತ್ತೆ ಬಿಡಿಸಿದ. ಗೆರೆ ಸೊಟ್ಟಗಾದರೆ, "ಪೆನ್ಸಿಲ್ ಮಿಸ್ ನೋಡಿದ್ರೆ ನನ್ನ ಕಥೆ ಮುಗೀತು ಕಣ್ರೋ!" ಎನ್ನುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಅವಳಿಗೂ ನಗು ಬರುತ್ತಿತ್ತು... ಆದರೆ ಹಾಳು ಬಿಗುಮಾನ! ಊಟದ ಹೊತ್ತಿಗೆ ಎಂದಿನಂತೆ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಮನೆಗೆ ಹೋದರೆ ಅಲ್ಲೂ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ "ಊಟ ಆಯ್ತಾ?" ಎಂದು ಕೇಳುವ ಒಂದು ಜೀವವೂ ಇರಲಿಲ್ಲ.

'ಪಾಪ, ಅವರ ಹತ್ತಿರ ಒಂದು ಮಾತಾಡಿದ್ರೆ ನನ್ನ ಗಂಟೇನು ಹೋಗುತ್ತೆ?' ಎಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದುಬಿಟ್ಟಳು.

ಒಂದು ಮಧ್ಯಾಹ್ನ ಆಯಾ ಬಂದು ಮಡಿಸಿದ ಹಾಳೆಯೊಂದನ್ನು ಕೊಟ್ಟಳು.

"ಕೋಡಿಂಗ್ ಸರ್ ಕೊಟ್ರು ಮಿಸ್. 'ನಾನಿಲ್ಲಿಗೆ ಬರಬಾರದಿತ್ತು' ಅಂತ ಕೆಲಸ ಬಿಡ್ತಾರಂತೆ. ರಾಜೀನಾಮೆ ಪತ್ರ ಹಿಡ್ಕೊಂಡು ಆಫೀಸಿಗೆ ಹೋದ್ರು."

ಅವಳು ಗಡಿಬಿಡಿಯಲ್ಲಿ ಹಾಳೆ ಬಿಚ್ಚಿದಳು. ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರ: ಕಿಟಕಿ, ಮೇಜು, ಡಬ್ಬಿ, ಕುರ್ಚಿಯಲ್ಲಿ ಅವಳು. ಎದುರಿನ ಕುರ್ಚಿಯಲ್ಲಿ ಒಂದು ಖಾಲಿ ಚೌಕ. ಕೆಳಗೆ ಸಣ್ಣ ಅಕ್ಷರಗಳು: 'ಕ್ರಾಸ್ ಹಾಕೋದು ನಿಮಗೆ ಬಿಟ್ಟಿದ್ದು.'

ದೇವರೇ... ಇಷ್ಟು ದಿನ ಅವರೂ ನನ್ನನ್ನೇ ನೋಡ್ತಿದ್ರಾ!

ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದವಳೇ ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ಸರ್! ಒಳಗೆ ಹೋಗ್ಬೇಡಿ!"

ಆಫೀಸಿನ ಬಾಗಿಲಲ್ಲಿ ಅವನು ತಿರುಗಿ ನಿಂತ. ಹಾಳೆ ನೋಡಿದ. ಕಣ್ಣು ತುಂಬಿದ್ದರೂ ತುಟಿಯಲ್ಲಿ ತುಂಟತನ.

"ಇದು... ತಪ್ಪು ಅಂತ ಅಲ್ಲ ತಾನೇ?"

"ಅಲ್ಲ! ಅಲ್ಲಿ ನೀವು ಬರಬೇಕು ಅಂತ. ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ... ನೀವು ಬೇಕು ಕಣ್ರೀ ನನಗೆ."

ಅವನು ಕೈಯಲ್ಲಿದ್ದ ಪತ್ರ ಎತ್ತಿ ತೋರಿಸಿದ. "ಇದನ್ನಾದ್ರೂ ಹರೀಬಹುದಾ ಮೇಡಂ?"

ಅವಳು ನಗುತ್ತಾ ತಲೆಯಾಡಿಸಿದಳು. ಪತ್ರ ಹರಿದು ಚೂರುಗಳನ್ನು ಜೇಬಿಗೆ ತುರುಕಿಕೊಂಡು ಅವನು ಮೆಲ್ಲಗೆ ಕೇಳಿದ:

"ಊಟ ಆಯ್ತಾ?"

ಅಷ್ಟೇ... ಅವಳಿಗೆ ಅಳು ಒತ್ತರಿಸಿ ಬಂತು. "ಇಲ್ಲ..."

"ನಂದೂ ಆಗಿಲ್ಲ. ಬನ್ನಿ, ಹೋಗೋಣ."