ನಲವತ್ತು ಮೀಲ್

ಮೀನಿನ ಲಿವರ್ ಕುದಿಯುವ ವಾಸನೆ... ರಾಗ್ನಾಳ ಬಾಲ್ಯವನ್ನೇ ಯಾರೋ ಅದರಲ್ಲಿ ಅದ್ದಿ ತೆಗೆದಂತಿತ್ತು. ಚಳಿಗಾಲ ಬಂತೆಂದರೆ ಬಂದರಿನಲ್ಲಿ ಎಣ್ಣೆ ಕಾಯಿಸುವ ಕಡೆಯಿಂದ ಆ ಜಿಡ್ಡು ಗಾಳಿ ಎದ್ದು ದಿಂಬಿಗೆ, ಬ್ರೆಡ್ಡಿಗೆ, ಅಮ್ಮನ ಕೂದಲಿಗೆ ಅಂಟುತ್ತಿತ್ತು.

ಅಪ್ಪ ಕೊನೆಯ ಸಲ ದೋಣಿ ಹತ್ತಿದ ದಿನ, ಲಿವರ್ ತುಂಬುವ ಪೀಪಾಯಿಗಳಿಗೆ ಜಾಗ ಸಾಲದೆಂದು ದೋಣಿಯ ಯಜಮಾನ, ಮುಳುಗುವಾಗ ಜೀವ ಉಳಿಸುವ ರಬ್ಬರ್ ತೆಪ್ಪವನ್ನು ದಡದಲ್ಲೇ ಇಳಿಸಿದ್ದ.

ಅಪ್ಪ ಮರಳಲಿಲ್ಲ. ಪೀಪಾಯಿಗಳು ತೇಲಿ ಬಂದವು.

ಈಗ ರಾಗ್ನಾ ಬುಡೊ ಪಟ್ಟಣದ ಚಿಕ್ಕ ವಿಮಾನ ಕಂಪನಿಯೊಂದರಲ್ಲಿ ನಕ್ಷೆಯ ಮೇಲೆ ವಿಮಾನಗಳ ಮಾರ್ಗ ಎಳೆಯುತ್ತಿದ್ದಳು. ಎಲ್ಲಿ ಎಂಜಿನ್ ಕೆಟ್ಟರೂ ಕೈಗೆಟುಕುವಷ್ಟರಲ್ಲಿ ಒಂದು ರನ್‌ವೇ ಇರಬೇಕು, ಕಿಟಕಿಯಲ್ಲಿ ದಡ ಕಾಣುತ್ತಿರಬೇಕು. ಅವಳ ಗೆರೆಗಳು ಕರಾವಳಿಯನ್ನು ಮಗು ಅಮ್ಮನ ಸೆರಗು ಹಿಡಿದಂತೆ ಹಿಡಿದಿರುತ್ತಿದ್ದವು.

ಆ ಜನವರಿಯ ಮಧ್ಯಾಹ್ನ ಅವಳು ಕ್ಯಾಂಟೀನಿನ ಬಾಗಿಲು ತೆರೆದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ಮೈಕ್ರೋವೇವ್ ಮುಂದೆ ಎತ್ತರದ ಗಂಡಸೊಬ್ಬ ಡಬ್ಬಿ ಹಿಡಿದು ನಿಂತಿದ್ದ.

"ಯಾರದ್ರೀ ಈ ಹೊಲಸು?" ಎಂದಳು, ಮೂಗಿಗೆ ಮಫ್ಲರ್ ಒತ್ತಿಕೊಂಡು.

"ನಂದೇ. ಊಟ ಅಂತ ಕಟ್ಟಿಕೊಟ್ಟಿದ್ರು ನಮ್ಮಮ್ಮ."

ಅವನು ನಗುತ್ತಲೇ ತಿರುಗಿದ. ಅವಳ ಬಿಳಿಚಿದ ಮುಖ ನೋಡಿ ನಗು ನಿಲ್ಲಿಸಿದ. ಕಿಟಕಿ ತೆರೆದಿಟ್ಟು, ಡಬ್ಬಿ ಮುಚ್ಚಿಕೊಂಡು ಹೊರಗೆ ಹೋದ.

ಹಲ್ವಾರ್ ಅವನ ಹೆಸರು. ಲೋಫೋಟೆನ್ ದ್ವೀಪಗಳ ದೋಣಿಯವರ ಮಗ, ಕಂಪನಿಯ ಹೊಸ ಕ್ಯಾಪ್ಟನ್. ಆ ವಾಸನೆ ಮತ್ತೆ ಒಳಗೆ ಬರಲಿಲ್ಲ. ಹಿಮ ಬಿದ್ದ ಬೆಳಗುಗಳಲ್ಲಿ ರಾಗ್ನಾಳ ಕಾರಿನ ಗಾಜು ಯಾರೋ ಕೆರೆದು ಒರೆಸಿಟ್ಟಂತೆ ಇರುತ್ತಿತ್ತು. ಯಾರೆಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದಿಗೆ ಅವಳ ಕಿವಿ ಕಾಯತೊಡಗಿತ್ತು.

ಅಷ್ಟರಲ್ಲಿ ಕಂಪನಿಗೆ ಹೊಸ ಯೋಚನೆ ಬಂತು. ವಿಮಾನಗಳಲ್ಲಿದ್ದ ರಬ್ಬರ್ ತೆಪ್ಪಗಳನ್ನು ಇಳಿಸಿದರೆ ಭಾರ ಕಡಿಮೆ, ಇನ್ನಷ್ಟು ಸಾಮಾನು ಹಾಕಬಹುದು. ತೆಪ್ಪವಿಲ್ಲದ ವಿಮಾನ ದಡದಿಂದ ಎಷ್ಟು ದೂರ ಹೋಗಬಹುದೆಂದು ಹೇಳುವುದು ಹಲ್ವಾರ್‌ನ ಪಾಲಿಗೆ ಬಂತು.

ಒಂದು ದಿನ ಅವನು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದುದು ಊಟದ ಮೇಜಿನಲ್ಲಿದ್ದ ರಾಗ್ನಾಳಿಗೆ ಕೇಳಿಸಿತು: "ತೆಪ್ಪ ಇಲ್ದೆ ನಲವತ್ತು ಮೀಲ್. ಹೂಂ, ಬರ್ಕೊಳ್ಳಿ."

ಆ ದೇಶದಲ್ಲಿ ಮೀಲ್ ಎಂದರೆ ಹತ್ತು ಕಿಲೋಮೀಟರ್. ನಾನೂರು ಕಿಲೋಮೀಟರ್ ತಣ್ಣನೆಯ ನೀರು! ಕಾನೂನು ಅದಕ್ಕೂ ಅಡ್ಡ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಅಸಹ್ಯವಾಯಿತು. ಪೀಪಾಯಿಗೆ ಜಾಗ ಮಾಡಿಕೊಟ್ಟ ಆ ಯಜಮಾನನೇ ಸಮವಸ್ತ್ರ ತೊಟ್ಟು ಎದುರಿಗೆ ನಿಂತಂತೆ ಕಂಡಿತು. ಇವನ ಹೆಜ್ಜೆಗಾಗಿ ಕಾದಿದ್ದೆನಲ್ಲ ಎಂದು ತನ್ನ ಮೇಲೂ ಹೇಸಿಗೆ ಹುಟ್ಟಿತು.

ಮರುದಿನ ಅವನು ಕಾಫಿ ತಂದಿಟ್ಟ. ಅವಳು ಲೋಟವನ್ನು ಒಂದೇ ಬೆರಳಿನಿಂದ ಮೇಜಿನ ಅಂಚಿಗೆ ತಳ್ಳಿದಳು.

"ನಿಮ್ಮ ಕೈಯಿಂದ ಕುಡಿದ್ರೆ ನಂಗೆ ವಾಂತಿ ಬರತ್ತೆ."

ಅವನು ಲೋಟ ಎತ್ತಿಕೊಂಡು ಹೋದ. ಸ್ವಲ್ಪ ದಿನದಲ್ಲೇ ಅವನು ದಕ್ಷಿಣಕ್ಕೆ ವರ್ಗ ಕೇಳಿದ್ದಾನೆಂಬ ಸುದ್ದಿ ಬಂತು. ಒಳ್ಳೆಯದಾಯಿತು ಎಂದುಕೊಂಡಳು ರಾಗ್ನಾ. ಆದರೆ ಅವತ್ತು ಎಳೆದ ಗೆರೆಯನ್ನು ಮತ್ತೆ ಮತ್ತೆ ಅಳಿಸಿದಳು.

ಹೊಸ ನಿಯಮಕ್ಕೆ ಮಾರ್ಗ ಎಳೆಯುವವರೂ ಸಹಿ ಹಾಕಬೇಕಿತ್ತು. ಹಾಕುವುದಿಲ್ಲವೆಂದು ಹೇಳಲು ಅವಳು ನಕ್ಷೆ ಸುತ್ತಿಕೊಂಡು ಅವನ ಕೋಣೆಗೇ ಹೋದಳು. ಹಿಂದೆಯೇ ಆಫೀಸಿನ ಹಿರಿಯಳಾದ ಗುದ್ರೂನ್ ಸಹಿಯ ಕಾಗದ ಹಿಡಿದು ಬಂದಳು.

ನಾನೂರು ಕಿಲೋಮೀಟರ್ ಆಚೆ ಜನರನ್ನು ತೆಪ್ಪವಿಲ್ಲದೆ ಕಳಿಸುವವರು ರಾತ್ರಿ ಹೇಗೆ ಮಲಗುತ್ತೀರಿ ಎಂದು ರಾಗ್ನಾ ಕೇಳಿದಳು. ಅಪ್ಪನ ಕಥೆಯೂ ತಾನಾಗಿಯೇ ಹೊರಬಿತ್ತು.

ಹಲ್ವಾರ್ ಅಳತೆಗೋಲು ತೆಗೆದು ನಕ್ಷೆಯ ಮೇಲಿಟ್ಟು ಒಂದು ಗೆರೆ ಎಳೆದ. ಅವನ ಗೆರೆ ದಡದ ಪಕ್ಕದಲ್ಲೇ, ಅವಳ ಗೆರೆಗೆ ತಾಗಿಕೊಂಡೇ ಹೋಯಿತು.

"ನಾನು ಹೇಳಿದ್ದು ನಮ್ಮೂರಿನ ಮೀಲ್. ದೋಣಿಯವರದ್ದು. ಒಂದು ಮೀಲ್ ಅಂದ್ರೆ ಎರಡು ಕಿಲೋಮೀಟರೂ ಆಗಲ್ಲ." ಅವನ ದನಿ ತಗ್ಗಿತು. "ಅವರು ಇನ್ನೂ ದೂರ ಕೇಳ್ತಿದ್ರು. ನಲವತ್ತರ ಆಚೆ ಹೋಗೋದಾದ್ರೆ ತೆಪ್ಪ ವಾಪಸ್ ಹಾಕಿ, ಇಲ್ಲಾಂದ್ರೆ ನಾನು ಹಾರಿಸಲ್ಲ ಅಂದಿದ್ದೆ."

ಗುದ್ರೂನ್ ಕನ್ನಡಕ ಮೇಲೇರಿಸಿ, "ದಿನವಿಡೀ ಸಮುದ್ರದ ಮೈಲಿ ಎಣಿಸ್ತೀಯ, ಊಟದ ಮೇಜಿಗೆ ಬಂದ್ರೆ ಮಾತ್ರ ರಸ್ತೆಯ ಮೀಲ್. ಎಂಥ ಹುಡುಗಿಯೇ ನೀನು!" ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, ಈ ಮಹಾರಾಯ ಜನವರಿಯಿಂದ ಹ್ಯಾಂಗರಿನ ಹಿಂದೆ ಹಿಮದಲ್ಲಿ ನಿಂತು ಊಟ ಮಾಡುತ್ತಿರುವುದಾದರೂ ಗೊತ್ತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ರಾಗ್ನಾಳ ಕಣ್ಣು ತುಂಬಿತು. ಇಷ್ಟು ದಿನ ಯಾರನ್ನು ಕಂಡು ಹೇಸಿಕೊಂಡೆ?

"ಯಾಕೆ ಹೇಳಲಿಲ್ಲ?"

"ವಾಂತಿ ಬರತ್ತೆ ಅಂದ್ರಲ್ಲ... ಹತ್ತಿರ ಬಂದು ಹೇಳೋದು ಹೇಗೆ?"

"ದಕ್ಷಿಣಕ್ಕೆ ಹೋಗಲೇಬೇಕಾ?"

"ಬೇಡ ಅನ್ನೋರು ಯಾರೂ ಇರಲಿಲ್ಲ."

"ನಾನು ಅಂತಿದೀನಿ."

ಹೊರಗೆ ಹಿಮ ಬೀಳುತ್ತಿತ್ತು. ಊಟದ ಹೊತ್ತಾಗಿತ್ತು. ಅವನು ಅಭ್ಯಾಸದಂತೆ ಕೋಟು ತೊಟ್ಟು ಡಬ್ಬಿಗೆ ಕೈ ಚಾಚಿದ. ಅವಳು ಅದನ್ನು ಮೊದಲೇ ಎತ್ತಿಕೊಂಡು ಕ್ಯಾಂಟೀನಿಗೆ ನಡೆದಳು.

ಕಿಟಕಿ ತೆರೆದಳು. ಡಬ್ಬಿಯ ಮುಚ್ಚಳ ತೆಗೆದು ಬಿಸಿಗಿಟ್ಟಳು. ಆ ಜಿಡ್ಡು ವಾಸನೆ ಎದ್ದು ಕೋಣೆ ತುಂಬಿತು. ಮೇಜಿನ ಅಂಚು ಹಿಡಿದು ನಿಂತಳು, ಹೋಗಲಿಲ್ಲ.

"ರಾಗ್ನಾ, ಬೇಡ. ನಾನು ಹೊರಗೇ..."

"ಹೊರಗೆ ಚಳಿ. ಇಲ್ಲೇ ಕೂತ್ಕೋ."

ತಟ್ಟೆಗೆ ಮೀನು, ಆಲೂಗಡ್ಡೆ, ಕೊನೆಗೆ ಉಸಿರು ಬಿಗಿಹಿಡಿದು ಲಿವರನ್ನೂ ಬಡಿಸಿ, ಅವನ ಕೈಗಿಟ್ಟಳು.